ಕಲ್ಲಿದ್ದಲಿನ ಕರೆಂಟಲ್ಲಿ ಓಡಿದರೂ ಲಾಭವೇ?

‘ಎಲೆಕ್ಟ್ರಿಕ್ ಸ್ಕೂಟರ್ ಹೊಗೆ ಉಗುಳುವುದಿಲ್ಲ, ಸರಿ. ಆದರೆ ಅದಕ್ಕೆ ಕರೆಂಟು ಬರುವುದು ಕಲ್ಲಿದ್ದಲಿನಿಂದ ತಾನೆ?’ ಇದು ನ್ಯಾಯವಾದ ಪ್ರಶ್ನೆ. ದೇಶದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದ್ದೇ. ಲೆಕ್ಕ ಹಾಕಿಯೇ ನೋಡೋಣ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಅಷ್ಟೊಂದು ಹೇಗೆ? ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದಲ್ಲ. ಲೀಟರಿಗೆ 45 ಕಿ.ಮೀ. ಓಡುವ ಸ್ಕೂಟರಾದರೆ ಕಿಲೋಮೀಟರಿಗೆ 50 ಗ್ರಾಂ ಆಯಿತು. ಕಚ್ಚಾತೈಲ ಸಂಸ್ಕರಿಸುವಾಗಿನ ಹೊಗೆ ಇದರಲ್ಲಿ ಸೇರಿಲ್ಲ.

ಎಲೆಕ್ಟ್ರಿಕ್ ಸ್ಕೂಟರಿಗೆ, ತಂತಿಯಲ್ಲಿ, ಚಾರ್ಜರಿನಲ್ಲಿ ಸೋರುವುದನ್ನೂ ಸೇರಿಸಿದರೆ, ಒಂದು ಯೂನಿಟ್‌ಗೆ ಸುಮಾರು 28 ಕಿ.ಮೀ. ಸಿಗುತ್ತದೆ. ನಮ್ಮ ಗ್ರಿಡ್ಡಿನಲ್ಲಿ ಯೂನಿಟ್‌ಗೆ ಸರಾಸರಿ 700 ಗ್ರಾಂ ಚಿಲ್ಲರೆ ಕಾರ್ಬನ್ ಡೈಆಕ್ಸೈಡ್. ಅಂದರೆ ಕಿಲೋಮೀಟರಿಗೆ 25 ಗ್ರಾಂ, ಸರಿಯಾಗಿ ಅರ್ಧ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಮುಕ್ಕಾಲು ಭಾಗಕ್ಕೂ ಹೆಚ್ಚು ಬಿಸಿಯಾಗಿ ಹಾರಿಹೋಗುವುದೇ ಈ ಅಂತರಕ್ಕೆ ಕಾರಣ. ಮೋಟರಿನಲ್ಲಿ ನಷ್ಟವಾಗುವುದು ಹತ್ತರಲ್ಲಿ ಒಂದೋ ಎರಡೋ ಪಾಲು. ವೇಗ ತಗ್ಗಿಸುವಾಗ ಒಂದಿಷ್ಟು ಶಕ್ತಿ ಬ್ಯಾಟರಿಗೆ ವಾಪಸಾಗುವುದೂ ಉಂಟು.

ಬ್ಯಾಟರಿ ತಯಾರಿಸುವಾಗಿನ ಹೊಗೆಯನ್ನೂ ಮರೆಯುವಂತಿಲ್ಲ. 3 ಯೂನಿಟ್ ಹಿಡಿಯುವ ಬ್ಯಾಟರಿಗೆ ಅದು ಅಂದಾಜು 250 ಕಿಲೋ. ಹತ್ತು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಆ ಸಾಲ ತೀರುತ್ತದೆ.

ಇನ್ನೂ ದೊಡ್ಡ ವಿಷಯವೆಂದರೆ ಚಾರ್ಜ್ ಮಾಡುವ ಹೊತ್ತು. ಮಧ್ಯಾಹ್ನ ಹನ್ನೆರಡಕ್ಕೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಬಿಸಿಲನ್ನೇ ವಿದ್ಯುತ್ತಾಗಿಸುತ್ತಿರುತ್ತದೆ. ನಾವು ಪ್ಲಗ್ ಹಾಕುವುದು ಸಂಜೆ ಏಳಕ್ಕೆ, ಮನೆ ಸೇರಿದ ಮೇಲೆ. ಆಗ ಸೂರ್ಯ ಮುಳುಗಿರುತ್ತಾನೆ, ಊರಿನ ದೀಪ, ಟಿವಿ, ಫ್ಯಾನೆಲ್ಲ ಒಟ್ಟಿಗೆ ಕರೆಂಟು ಕೇಳುತ್ತವೆ. ಶರಾವತಿಯ ನೀರು ಒಂದಷ್ಟು ಭಾರ ಹೊರುತ್ತದೆ, ಆದರೆ ನೀರಿಗೂ ಮಿತಿಯಿದೆ. ಉಳಿದದ್ದಕ್ಕೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಸ್ಥಾವರಗಳೇ ಗತಿ. ಅದೇ ಗಾಡಿ, ಅದೇ ದಾರಿ, ಹೊಗೆ ಮಾತ್ರ ಬೇರೆ.

ಹಾಗಾಗಿ ಗಾಡಿಗೆ ಸಬ್ಸಿಡಿ ಕೊಟ್ಟರಷ್ಟೇ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಫೀಸು, ಕಾಲೇಜು, ರೈಲು ನಿಲ್ದಾಣಗಳ ಪಾರ್ಕಿಂಗಿನಲ್ಲಿ ಸಾಲುಸಾಲು ಪ್ಲಗ್ ಪಾಯಿಂಟ್ ಬೇಕು, ಹಗಲಿನ ಯೂನಿಟ್‌ಗೆ ಕಡಿಮೆ ದರ ಬೇಕು. ಎಲ್ಲಕ್ಕಿಂತ ಮೊದಲು ಬಸ್ಸು. ಬೆಳಗಿನ ನೂಕುನುಗ್ಗಲು ಮುಗಿಸಿ ಡಿಪೋಗೆ ಮರಳುವ ಎಲೆಕ್ಟ್ರಿಕ್ ಬಸ್ಸನ್ನು ನಡುಹಗಲಲ್ಲೇ ಚಾರ್ಜ್ ಮಾಡಿದರೆ, ಸಂಜೆ ಅದರಲ್ಲಿ ನಿಂತು ಸಾಗುವ ಅರವತ್ತು ಜನರ ಪ್ರಯಾಣಕ್ಕೂ ಬಿಸಿಲಿನ ಕರೆಂಟೇ ಒದಗುತ್ತದೆ.