ಬೆನ್ನುಹುರಿ ಕಾಣುವ ಮೂರು-ನಾಲ್ಕು ತಿಂಗಳು

ದೊಡ್ಡವರ ಬೆನ್ನುಹುರಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವುದು ಕಷ್ಟ. ಶಬ್ದದ ಅಲೆಗಳನ್ನು ಗಟ್ಟಿ ಮೂಳೆ ತಡೆದುಬಿಡುತ್ತದೆ. ಆದರೆ ಆಗ ತಾನೇ ಹುಟ್ಟಿದ ಕೂಸಿನ ಬೆನ್ನುಮೂಳೆಯ ಹಿಂಭಾಗ ಬಹುಪಾಲು ಇನ್ನೂ ಮೆದು. ಅಲೆಗಳು ಅದನ್ನು ದಾಟಿ ಒಳಗೆ ಹೋಗುತ್ತವೆ. ಮೂರು-ನಾಲ್ಕು ತಿಂಗಳಾದ ಮೇಲೆ ಮೂಳೆ ಬಲಿಯುತ್ತಾ ಚಿತ್ರ ಮಸುಕಾಗುತ್ತದೆ.

ಈ ಸ್ಕ್ಯಾನ್ ಎಲ್ಲ ಮಕ್ಕಳಿಗೂ ಬೇಕಿಲ್ಲ. ಸೊಂಟದ ಕೆಳಗೆ ಕೂದಲಿನ ಗೊಂಚಲು, ಕೊಬ್ಬಿನ ಗಂಟು ಅಥವಾ ಬಾಲದಂಥ ಚರ್ಮ ಕಂಡರೆ ವೈದ್ಯರು ಬರೆದುಕೊಡುತ್ತಾರೆ. ಚರ್ಮ ನೋಡಿ ನರದ ಬಗ್ಗೆ ಅನುಮಾನವೇಕೆ ಅಂದರೆ, ಭ್ರೂಣದಲ್ಲಿ ಎರಡೂ ಒಂದೇ ಪದರದಿಂದ ಬೆಳೆಯುತ್ತವೆ. ಇನ್ನು ಬೆನ್ನಿನ ಕೆಳಗಿನ ಗುಳಿ. ಅದು 5 ಮಿ.ಮೀ.ಗಿಂತ ಚಿಕ್ಕದಿದ್ದು, ಗುದದ್ವಾರದಿಂದ 2.5 ಸೆಂ.ಮೀ. ಒಳಗೇ ಇದ್ದು, ಸುತ್ತ ಬೇರೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಚಿಂತೆ ಬೇಡ. ಅಂಥ ಗುಳಿಗೂ ಸುಮ್ನೆ ಸ್ಕ್ಯಾನ್ ಮಾಡಿಸಿದರೆ ಅಪ್ಪ-ಅಮ್ಮನ ಗಾಬರಿ ಹೆಚ್ಚುತ್ತದೆ, ಅಷ್ಟೇ.

ಮಗುವಿಗೆ ಹಾಲು ಕುಡಿಸಿ, ಬೋರಲು ಮಲಗಿಸಿ, ಬೆನ್ನು ಸ್ವಲ್ಪ ಬಾಗುವಂತೆ ಹೊಟ್ಟೆಯ ಕೆಳಗೆ ಬಟ್ಟೆ ಇಡುತ್ತಾರೆ. ಬೆಚ್ಚಗಿನ ಜೆಲ್ ಹಚ್ಚುತ್ತಾರೆ. ಅರಿವಳಿಕೆ ಬೇಡ, ವಿಕಿರಣವೂ ಇಲ್ಲ. ತೆರೆಯ ಮೇಲೆ ಬೆನ್ನುಹುರಿ ಕಪ್ಪು ಪಟ್ಟಿಯಾಗಿ, ನಡುವೆ ಒಂದು ಬಿಳಿ ಗೆರೆಯೊಂದಿಗೆ ಕಾಣುತ್ತದೆ.

ವೈದ್ಯರು ಮೊದಲು ಹುಡುಕುವುದು ಹುರಿಯ ಚೂಪಾದ ತುದಿಯನ್ನು. ಗರ್ಭದಲ್ಲಿ ಹುರಿಗಿಂತ ಬೆನ್ನುಮೂಳೆ ಜಾಸ್ತಿ ಉದ್ದ ಬೆಳೆಯುತ್ತದೆ. ಹಾಗಾಗಿ ಹುರಿಯ ತುದಿ ಮೇಲೆ ಮೇಲೆ ಸರಿದು, ಹುಟ್ಟುವ ಹೊತ್ತಿಗೆ ಸೊಂಟದ ಮೊದಲ ಎರಡು ಮೂಳೆಗಳ ಆಸುಪಾಸಿನಲ್ಲಿ ನಿಂತಿರುತ್ತದೆ. ಮೂರನೇ ಮೂಳೆಯ ನಡುಭಾಗಕ್ಕಿಂತಲೂ ಕೆಳಗಿದ್ದರೆ, ಕೆಳಗೆಲ್ಲೋ ಅಂಟಿಕೊಂಡಿರಬಹುದೇ ಎಂಬ ಅನುಮಾನ. ತುದಿಯಿಂದ ಕೆಳಗಿಳಿಯುವ ಎಳೆಯನ್ನೂ ಅಳೆಯುತ್ತಾರೆ. ಅದು 2 ಮಿ.ಮೀ.ಗಿಂತ ದಪ್ಪವಿರಬಾರದು.

ನನಗೆ ಇದರಲ್ಲಿ ಬಹಳ ಹಿಡಿಸುವುದು ಚಲನೆ. ಆರೋಗ್ಯವಂತ ಮಗುವಿನ ನರದ ಎಳೆಗಳು ಸುತ್ತಲಿನ ದ್ರವದಲ್ಲಿ ತೇಲುತ್ತಾ, ಎದೆಬಡಿತ ಮತ್ತು ಉಸಿರಾಟದ ಜೊತೆ ಅಲ್ಲಾಡುತ್ತವೆ. ಹುರಿ ಅಂಟಿಕೊಂಡಿದ್ದರೆ ಆ ಅಲುಗಾಟ ಕಡಿಮೆಯಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಈ ಆಟ ನಿಂತ ಚಿತ್ರದಲ್ಲಿ ಸಿಗುವುದಿಲ್ಲ ಅಲ್ವಾ? ಹಾಗೆ ಅಂಟಿದ ಹುರಿ ಮಗು ಬೆಳೆದಂತೆ ಎಳೆದು, ಕಾಲಿನ ಬಲವನ್ನೂ ಮೂತ್ರದ ಹಿಡಿತವನ್ನೂ ಕುಂದಿಸಬಹುದು.

ಅನುಮಾನ ಉಳಿದರೆ ಮುಂದಿನ ಹೆಜ್ಜೆ ಎಂಆರ್‌ಐ. ಬೆನ್ನು ತೆರೆದುಕೊಂಡೇ ಹುಟ್ಟಿದ ಮಗುವಿಗೆ ಮಾತ್ರ ಈ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಮಾನ್ಯವಾಗಿ ಮಾಡುವುದಿಲ್ಲ. ತೆರೆದ ಜಾಗಕ್ಕೆ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಸ್ಕ್ಯಾನ್ ಉಪಕರಣ) ತಾಗಿದರೆ ಸೋಂಕಿನ ಭಯ. ತೊಂದರೆ ಏನೆಂಬುದು ಹೊರಗೇ ಕಾಣುತ್ತಿರುವಾಗ, ಮೊದಲು ಆಗಬೇಕಾದದ್ದು ಅದನ್ನು ಮುಚ್ಚುವ ಶಸ್ತ್ರಚಿಕಿತ್ಸೆ.