ಇನ್ನೊಬ್ಬ ಡಾಕ್ಟರಿಗೆ ತೋರಿಸುವಾಗ ಸಿಡಿ ಮರೆಯಬೇಡಿ

ಬೆಳಗಾವಿಯಿಂದ ಮಿರಜಿಗೆ, ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸುಗಳಲ್ಲಿ ದೊಡ್ಡ ಸ್ಕ್ಯಾನ್ ಕವರ್ ಹಿಡಿದು ಕೂತವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಊರಿನ ಡಾಕ್ಟರು ಆಪರೇಷನ್ ಅಂದಿದ್ದಾರೆ, ಇನ್ನೊಬ್ಬರಿಗೂ ತೋರಿಸಿಬಿಡೋಣ ಅಂತ ಹೊರಟವರು ಅವರು. ತೋರಿಸಲೇಬೇಕು. ಮೊದಲ ಡಾಕ್ಟರು ಬೇಜಾರು ಮಾಡಿಕೊಂಡಾರು ಅಂತ ಹಿಂಜರಿಯುವುದು ಬೇಡ.

ಆದರೆ ಆ ಕವರಿನಲ್ಲಿ ಬರೀ ಫಿಲಂ ಇದ್ದರೆ ಸಾಲದು. ಒಂದು ಸಿಟಿ ಸ್ಕ್ಯಾನ್‌ನಲ್ಲಿ ನೂರಾರು ಚಿತ್ರಗಳಿರುತ್ತವೆ. ಫಿಲಂ ಮೇಲೆ ಅಚ್ಚಾಗುವುದು ಆರಿಸಿ ತೆಗೆದ ಕೆಲವು ಮಾತ್ರ. ಇನ್ನೂ ದೊಡ್ಡ ತೊಂದರೆ ಕಪ್ಪು ಬಿಳುಪಿನ ಛಾಯೆಗಳದ್ದು. ಸಿಟಿ ಚಿತ್ರದ ಪ್ರತಿ ಚುಕ್ಕೆಯ ಹಿಂದೆಯೂ, ಆ ಜಾಗ ಎಕ್ಸ್‌ರೇಯನ್ನು ಎಷ್ಟು ತಡೆಯಿತು ಅಂತ ಹೇಳುವ ಒಂದು ಸಂಖ್ಯೆ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಗಟ್ಟಿ ಎಲುಬಿಗೆ 1000ದ ಹತ್ತಿರ ಅಥವಾ ಅದಕ್ಕೂ ಜಾಸ್ತಿ. ಈ ಅಳತೆಗೆ ಸಿಟಿ ಯಂತ್ರ ಕಟ್ಟಿ 1979ರಲ್ಲಿ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. ಕಪ್ಪು ಬಿಳುಪಿನ ಇಷ್ಟು ಛಾಯೆಗಳನ್ನು ನಮ್ಮ ಕಣ್ಣು ಒಟ್ಟಿಗೆ ಗುರುತಿಸಲಾರದು. ಅದಕ್ಕೇ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್, ಒಮ್ಮೆ ಶ್ವಾಸಕೋಶಕ್ಕೆ, ಒಮ್ಮೆ ಎಲುಬಿಗೆ ಅಂತ ಚಿತ್ರವನ್ನು ಹೊಂದಿಸಿಕೊಂಡು ನೋಡುತ್ತಾರೆ. ಶ್ವಾಸಕೋಶಕ್ಕೆ ಹೊಂದಿಸಿದಾಗ ಪಕ್ಕೆಲುಬು ಬರೀ ಬೆಳ್ಳಗೆ ಕಾಣುತ್ತದೆ, ಅದರಲ್ಲಿನ ಸಣ್ಣ ಬಿರುಕು ಮುಚ್ಚಿಹೋಗಬಹುದು. ಅಚ್ಚಾದ ಫಿಲಂನಲ್ಲಿ ಹೀಗೆ ಬದಲಿಸಿ ನೋಡಲು ಬರುವುದಿಲ್ಲ. ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಲ್ಲಿ ತೆಗೆದ ಫೋಟೊದಲ್ಲಂತೂ ಇದ್ದದ್ದೂ ಹೋಗುತ್ತದೆ. ಸಿಡಿಯಲ್ಲೋ ಪೆನ್‌ಡ್ರೈವಲ್ಲೋ ಡೈಕಾಂ ಫೈಲುಗಳನ್ನು, ಅಂದರೆ ಸ್ಕ್ಯಾನ್‌ನ ಮೂಲ ಕಂಪ್ಯೂಟರ್ ಫೈಲುಗಳನ್ನು, ಒಯ್ದರೆ ಎರಡನೇ ಡಾಕ್ಟರು ಎಲ್ಲವನ್ನೂ ಮೊದಲಿಂದ ನೋಡಬಹುದು.

ಅಷ್ಟು ಬೇಕಾ ಅಂತ ಅನ್ನಿಸಬಹುದು. ಅಮೆರಿಕದಲ್ಲಿ ಸೊಂಟನೋವಿದ್ದ 63 ವರ್ಷದ ಒಬ್ಬ ಮಹಿಳೆಗೆ ಮೂರು ವಾರದೊಳಗೆ 10 ಕಡೆ ಎಂಆರ್‌ಐ ಮಾಡಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಲ್ಲ ರಿಪೋರ್ಟ್ ಸೇರಿ 49 ಬಗೆಯ ತೊಂದರೆಗಳು ಬರೆದಿದ್ದವು. ಹತ್ತರಲ್ಲೂ ಇದ್ದದ್ದು ಒಂದೂ ಇರಲಿಲ್ಲ! ಒಬ್ಬಳೇ ರೋಗಿಯ ಕಥೆ ನಿಜ, ಆದರೂ ಒಂದೇ ರಿಪೋರ್ಟ್ ನಂಬಿ ಬೆನ್ನಿಗೆ ಕತ್ತರಿ ಹಾಕಿಸಿಕೊಳ್ಳುವ ಮುಂಚೆ ಯೋಚಿಸಬೇಕು ಅಲ್ವಾ?

ಚಿತ್ರದಷ್ಟೇ ಮುಖ್ಯ ನಿಮ್ಮ ಮೈ. ಬನಹಟ್ಟಿಯಲ್ಲಿ ದಿನವಿಡೀ ಮಗ್ಗದ ಮುಂದೆ ದುಡಿಯುವ ನೇಕಾರರ ರಿಪೋರ್ಟಿನಲ್ಲಿ ‘ಡಿಸ್ಕ್ ಉಬ್ಬಿದೆ’, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಇತ್ತು ಅನ್ನಿ. ಬೆನ್ನುನೋವೇ ಇಲ್ಲದ 50 ವರ್ಷದವರಲ್ಲೂ ಸುಮಾರು 60 ಶೇಕಡಾ ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ನೋವು ಯಾವ ಕಾಲಿಗೆ ಇಳಿಯುತ್ತದೆ, ಹೆಬ್ಬೆರಳು ಎತ್ತಲು ಬರುತ್ತದೋ ಇಲ್ಲವೋ, ಇದನ್ನು ಮುಟ್ಟಿ ನೋಡಿದ ಮೇಲೇ ಆ ಉಬ್ಬಿಗೆ ಅರ್ಥ. ಹಾಗಾಗಿ ಸಿಡಿ ಮಾತ್ರ ಕಳಿಸಿ ಸುಮ್ನೆ ಕೂರಬೇಡಿ. ಹಳೆಯ ಸ್ಕ್ಯಾನ್‌ಗಳನ್ನೂ ಜೊತೆಗೆ ಒಯ್ಯಿರಿ. ಬೆಳೆದಿದೆಯೋ ಹಾಗೇ ಇದೆಯೋ ಅನ್ನುವುದು ಹೋಲಿಸಿದಾಗಲೇ ಗೊತ್ತಾಗುವುದು.

ಕಾಯಬಾರದ ಹೊತ್ತೂ ಉಂಟು. ಲಕ್ವ ಹೊಡೆದಾಗ, ತಲೆಗೆ ಪೆಟ್ಟಾದಾಗ, ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದಾಗ ಹತ್ತಿರದ ದೊಡ್ಡ ಆಸ್ಪತ್ರೆಗೇ ಓಡಬೇಕು.

ಉಳಿದಂತೆ, ನಿಮ್ಮ ದಾಖಲೆ ಕೇಳಲು ಸಂಕೋಚ ಬೇಡ. ರೋಗಿ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ. ಸ್ಕ್ಯಾನ್ ಮುಗಿದು ಬಿಲ್ ಕಟ್ಟುವಾಗಲೇ ಕೌಂಟರಿನಲ್ಲಿ ಸಿಡಿ ಕೇಳಿಬಿಡಿ.