ಒಂದು ಎಮ್ಮೆಲ್‌ಗೆ ಒಂದು ನಿಮಿಷ

"ನೋಡು, ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ."

ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ಯಾರಾದರೊಬ್ಬರು ಈ ಮಾತು ಹೇಳದ ದಿನವೇ ಇಲ್ಲ. ಒಳಗಿರುವ ನನಗೆ ಕೇಳಿಸುತ್ತದೆ. ಐದು ನಿಮಿಷ ಬಿಟ್ಟು ಅದೇ ಮಗುವಿಗೆ ನಾನು ನಿಜಕ್ಕೂ ಸೂಜಿ ಹಾಕಬೇಕು. ಅಷ್ಟೊತ್ತಿಗೆ ಅದು ಶಿಕ್ಷೆ ಆಗಿಬಿಟ್ಟಿರುತ್ತದೆ. ಏನೂ ತಪ್ಪು ಮಾಡದೆ ಸುಮ್ನೆ ಕೂತಿದ್ದೆ, ಆದರೂ ಚುಚ್ಚಿದರು ಅಂತ ಮಗುವಿಗೆ ಅನ್ನಿಸಿದರೆ ತಪ್ಪೇನು?

ನಾನು ಮಕ್ಕಳ ದಂತವೈದ್ಯೆ. "ಇಂಜೆಕ್ಷನ್ ಇಲ್ದೆ ಆಗಲ್ವಾ?" ಅನ್ನುವುದು ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆ. ಕೆಲವು ಸಲ ಆಗುತ್ತದೆ. ಹುಳುಕು ನರದವರೆಗೆ ಹೋಗಿಲ್ಲದಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಹಚ್ಚಿ ಅದನ್ನು ಅಲ್ಲೇ ತಡೆಯಬಹುದು. ಹಚ್ಚಿದ ಜಾಗ ಕಪ್ಪಾಗುತ್ತದೆ. ಹಲ್ಲು ಕೊರೆಯದೆ ಸ್ಟೀಲ್ ಕ್ಯಾಪ್ ಕೂರಿಸುವ ವಿಧಾನವೂ ಇದೆ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವು ಶುರುವಾದ ಮೇಲೆ ಸಾಮಾನ್ಯವಾಗಿ ಮರಗಟ್ಟಿಸದೆ ದಾರಿಯಿಲ್ಲ.

ಸೂಜಿಯ ಮೊನೆ ವಸಡಿನೊಳಗೆ ಹೋಗುವ ನೋವು ಅಂಥ ದೊಡ್ಡದೇನಲ್ಲ. ಮೊದಲೇ ಮರಗಟ್ಟಿಸುವ ಜೆಲ್ ಹಚ್ಚಿದ್ದರೆ ಎಷ್ಟೋ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಜಾಸ್ತಿ ನೋಯುವುದು ಆಮೇಲೆ, ಔಷಧಿ ಒಳಗೆ ಹೋಗುವಾಗ. ಅದು ಅಲ್ಲಿನ ಮಾಂಸವನ್ನು ಹಿಗ್ಗಿಸಿಕೊಂಡು ಜಾಗ ಮಾಡಿಕೊಳ್ಳಬೇಕು. ಜೋರಾಗಿ ಒತ್ತಿದರೆ ಹಿಗ್ಗುವುದೂ ಜೋರು, ನೋವೂ ಜೋರು. ಅದಕ್ಕೇ ಒಂದು ಎಮ್ಮೆಲ್ ಔಷಧಿಗೆ ಕನಿಷ್ಠ ಒಂದು ನಿಮಿಷ ಅಂತ ನಮಗೆ ಓದುವಾಗಲೇ ಕಲಿಸುತ್ತಾರೆ. ಕಲಿಯುವುದು ಸುಲಭ. ಹೊರಗೆ ಹನ್ನೆರಡು ಜನ ಕಾಯುತ್ತಿರುವಾಗ ಪಾಲಿಸುವುದು ಕಷ್ಟ. ಆ ಒಂದು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗಬೇಕಾದರೆ ಒಮ್ಮೆ ಗಡಿಯಾರ ನೋಡುತ್ತ ಸುಮ್ಮನೆ ಕೂತು ನೋಡಿ.

ನಾನೂ ಅವಸರ ಮಾಡಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಐದು ವರ್ಷದ ಹುಡುಗನೊಬ್ಬನ ಅಂಗುಳಿಗೆ ನೇರವಾಗಿ, ಬೇಗಬೇಗ ಔಷಧಿ ಒತ್ತಿಬಿಟ್ಟೆ. ಹಲ್ಲೇನೋ ನೋವಿಲ್ಲದೆ ಬಂತು. ಆದರೆ ಮುಂದಿನ ಸಲ ಅವನು ಕುರ್ಚಿ ಹತ್ತಲಿಲ್ಲ, ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆ ಬಾಯಿ ಮತ್ತೆ ತೆರೆಸಲು ನನಗೆ ನಾಲ್ಕು ಭೇಟಿ ಬೇಕಾಯಿತು. ಉಳಿಸಿದ್ದು ನಲವತ್ತು ಸೆಕೆಂಡು!

ಅಂಗುಳಿನ ಚರ್ಮ ಕೆಳಗಿನ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಔಷಧಿಗೆ ಹರಡಲು ಜಾಗವೇ ಇಲ್ಲ. ಬಾಯಲ್ಲಿ ಇಂಜೆಕ್ಷನ್ ತುಂಬ ನೋಯುವ ಜಾಗಗಳಲ್ಲಿ ಅದೂ ಒಂದು. ಈಗ ನಾನು ಮೊದಲು ಕೆನ್ನೆಯ ಕಡೆಯಿಂದ ಮರಗಟ್ಟಿಸುತ್ತೇನೆ. ಅಲ್ಲಿ ಜೋಮು ಹಿಡಿದ ಮೇಲೆ ಎರಡು ಹಲ್ಲುಗಳ ನಡುವಿನ ವಸಡಿನ ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಔಷಧಿ ಬಿಡುತ್ತ ಅಂಗುಳಿನ ಕಡೆಗೆ ದಾಟಿಸುತ್ತೇನೆ. ಅಂಗುಳು ಬೆಳ್ಳಗಾಗುತ್ತ ಬರುವುದು ಕಾಣುತ್ತದೆ. ಆಮೇಲೆ ಅಲ್ಲಿ ಸೂಜಿ ಹಾಕಿದರೆ ಮಗು ಮುಖ ಕಿವುಚುವುದೂ ಕಡಿಮೆ.

ಇನ್ನು ಔಷಧಿಯೇ ಸ್ವಲ್ಪ ಹುಳಿ. ನಾವು ಹೆಚ್ಚಾಗಿ ಬಳಸುವುದು 2% ಲಿಗ್ನೋಕೇನ್, ಜೊತೆಗೆ 80,000ಕ್ಕೆ ಒಂದು ಭಾಗ ಅಡ್ರಿನಾಲಿನ್. ಅಡ್ರಿನಾಲಿನ್ ರಕ್ತನಾಳಗಳನ್ನು ಬಿಗಿದು ಔಷಧಿಯನ್ನು ಅಲ್ಲೇ ಹಿಡಿದಿಡುತ್ತದೆ. ಅದು ಕೆಡಬಾರದು ಅಂತ ದ್ರಾವಣವನ್ನು ಹುಳಿಯಾಗಿಯೇ ತಯಾರಿಸುತ್ತಾರೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ಇದರ ಪಿಎಚ್ 4ರ ಆಸುಪಾಸು, ನಮ್ಮ ರಕ್ತದ್ದು 7.4. ಗಾಯಕ್ಕೆ ನಿಂಬೆರಸ ತಾಗಿದಂತೆ ಚುರುಗುಟ್ಟುವುದು ಇದಕ್ಕೇ. ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಹುಳಿ ತಗ್ಗಿಸುವ ದಂತವೈದ್ಯರೂ ಇದ್ದಾರೆ. ನಾನು ಔಷಧಿಯನ್ನು ಮೈಬಿಸಿಗೆ ತಂದುಕೊಳ್ಳುತ್ತೇನೆ. ಬಾಯಿಯೊಳಗೆ ಇದರಿಂದ ಎಷ್ಟು ಲಾಭ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಖರ್ಚಿಲ್ಲದ ಕೆಲಸ, ಮಾಡಿದರೆ ನಷ್ಟವೇನು ಅಂತ ನನ್ನ ಲೆಕ್ಕ.

ಜೆಲ್ಲಿನ ವಿಷಯದಲ್ಲೂ ಅವಸರವೇ ಶತ್ರು. ಎಂಜಲು ತುಂಬಿದ ವಸಡಿಗೆ ಜೆಲ್ ಬಳಿದು ಮರುಕ್ಷಣವೇ ಸೂಜಿ ಹಾಕಿದರೆ ಜೆಲ್ ಹಚ್ಚಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮೊದಲು ಹತ್ತಿಯಿಂದ ಒರೆಸಿ ಒಣಗಿಸಬೇಕು. ಕಡಲೆಕಾಳಿಗಿಂತ ಚಿಕ್ಕ ತುಣುಕು ಜೆಲ್ ಸಾಕು. ಎರಡು ನಿಮಿಷ ಕಾಯಬೇಕು. ಹಲ್ಲು ಹುಟ್ಟುವ ಕೂಸಿನ ವಸಡಿಗೆ ಮನೆಯಲ್ಲೇ ಜೆಲ್ ಹಚ್ಚುವವರಿಗೆ ಇಲ್ಲೇ ಒಂದು ಮಾತು: ಬೆಂಜೊಕೇನ್ ಇರುವ ಜೆಲ್ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ರಕ್ತ ಆಮ್ಲಜನಕ ಸಾಗಿಸುವುದಕ್ಕೇ ತೊಂದರೆ ಆಗಬಹುದು ಅಂತ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ.

ನಮ್ಮ ಕಡೆಯ ಕ್ಲಿನಿಕ್‌ಗಳಲ್ಲಿ ಔಷಧಿಯನ್ನು ರಬ್ಬರ್ ಮುಚ್ಚಳದ ಬಾಟಲಿಯಿಂದ ಎಳೆದುಕೊಳ್ಳುವುದು ಸಾಮಾನ್ಯ. ರಬ್ಬರಿಗೆ ಚುಚ್ಚಿದ ಸೂಜಿಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಎಳೆಯಲು ಒಂದು ಸೂಜಿ, ಮಗುವಿಗೆ ಹೊಸದೊಂದು. ವಸಡಿನ ತುದಿಯಂಥ ಚಿಕ್ಕ ಜಾಗಕ್ಕೆ ನಾನು ಇನ್ಸುಲಿನ್ ಸಿರಿಂಜ್ ಬಳಸುವುದೂ ಉಂಟು. ಕೂದಲಿನಷ್ಟು ಸಣ್ಣ ಸೂಜಿ, ಔಷಧಿ ತಾನಾಗಿಯೇ ನಿಧಾನ ಹೋಗುತ್ತದೆ.

ಸೂಜಿ ಒಳಗಿರುವಾಗ ನನ್ನ ಇನ್ನೊಂದು ಕೈ ಸುಮ್ಮನಿರುವುದಿಲ್ಲ. ಹೆಬ್ಬೆರಳು, ತೋರುಬೆರಳಿನಿಂದ ಮಗುವಿನ ತುಟಿಯನ್ನೋ ಕೆನ್ನೆಯನ್ನೋ ಹಿಡಿದು ಅಲುಗಾಡಿಸುತ್ತಿರುತ್ತೇನೆ. ಮೊಣಕಾಲು ಬಾಗಿಲಿಗೆ ಬಡಿದಾಗ ನಾವು ಗಸಗಸ ಉಜ್ಜಿಕೊಳ್ಳುವುದಿಲ್ಲವೇ, ಅದೇ ಲೆಕ್ಕ. ಸ್ಪರ್ಶದ ಸುದ್ದಿ ಹೊತ್ತ ನರಗಳು ನೋವಿನ ಸುದ್ದಿಗೆ ದಾರಿಯಲ್ಲೇ ಬಾಗಿಲು ಹಾಕುತ್ತವೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ವಿವರಿಸಿದರು. ನಮ್ಮ ಅಜ್ಜಿಯರಿಗೆ ಆ ಕಾರಣ ಗೊತ್ತಿರಲಿಲ್ಲ, ಉಜ್ಜುವುದು ಮಾತ್ರ ಗೊತ್ತಿತ್ತು.

ಆಗ ಮಗುವಿಗೂ ಒಂದು ಕೆಲಸ ಇರುತ್ತದೆ. "ಬಲಗಾಲು ಎತ್ತಿ ಗಾಳಿಯಲ್ಲಿ ನಿನ್ ಹೆಸರು ಬರಿ ನೋಡೋಣ, ಕನ್ನಡದಲ್ಲಿ." ಕೈಯಿಂದ ಬರೆಯುವವರಿಗೆ ಕಾಲಿಂದ ಬರೆಯುವುದು ಸುಲಭವಲ್ಲ, ಗಮನ ಪೂರ್ತಿ ಅಲ್ಲೇ ಹೋಗುತ್ತದೆ. ಹೆಸರಲ್ಲಿ ಒತ್ತಕ್ಷರ ಇದ್ದರೆ ನನಗಿನ್ನೂ ಅನುಕೂಲ. ಅಕ್ಷರ ಬಾರದ ಪುಟಾಣಿಗಳಿಗೆ ಸೊನ್ನೆ ಸುತ್ತಲು ಹೇಳುತ್ತೇನೆ. ಮೊಬೈಲಿನ ಕಾರ್ಟೂನೂ ಕೆಲಸ ಮಾಡುತ್ತದೆ, ನಾನೇನು ಅದರ ವಿರೋಧಿಯಲ್ಲ. ಇನ್ನೊಂದು ಒಪ್ಪಂದ: ಎಡಗೈ ಎತ್ತಿದರೆ ನಾನು ನಿಲ್ಲಿಸಬೇಕು. ಕೆಲವರು ನನ್ನನ್ನು ಪರೀಕ್ಷಿಸಲೆಂದೇ ಕೈ ಎತ್ತುತ್ತಾರೆ. ನಿಲ್ಲಿಸಿದರೆ ಪಾಸು. ಆಮೇಲೆ ಕೈ ಏಳುವುದು ಅಪರೂಪ.

ಬಾಯ್ತುಂಬಾ ಸುಳ್ಳು ಹೇಳಿ ಕರೆತರುವವರೂ ಇದ್ದಾರೆ. "ಸುಮ್ನೆ ನೋಡ್ತಾರೆ ಅಷ್ಟೆ, ಏನೂ ಮಾಡಲ್ಲ." ನಾನು ಸೂಜಿಯನ್ನು ಕಣ್ಣೆದುರು ಆಡಿಸುವುದಿಲ್ಲ. ಆದರೆ ಮಗು ನೇರವಾಗಿ ಕೇಳಿದರೆ ಇಲ್ಲ ಅನ್ನುವುದೂ ಇಲ್ಲ. "ಹಲ್ಲಿಗೆ ನಿದ್ದೆ ಬರೋ ನೀರು ಹಾಕ್ತೀನಿ ಪುಟ್ಟ. ಸ್ವಲ್ಪ ಚುರುಕ್ ಅನ್ನುತ್ತೆ. ನಾವಿಬ್ರೂ ಎಣಿಸೋಣ." ಪಕ್ಕದಲ್ಲಿ ನಿಂತ ಅಮ್ಮ "ಏನಾಗಲ್ಲ, ಏನಾಗಲ್ಲ, ಹೆದರ್ಬೇಡ" ಅಂತ ಜಪ ಮಾಡಿದರೆ ಏನೋ ಆಗಲಿದೆ ಎಂದೇ ಮಗುವಿಗೆ ಖಾತ್ರಿಯಾಗುತ್ತದೆ. ಸಮಾಧಾನದ ಮಾತಿಗಿಂತ ನಿನ್ನೆ ತಂದ ನಾಯಿಮರಿಯ ಮಾತು ಮೇಲು.

ಇಷ್ಟೆಲ್ಲ ಮಾಡಿದರೂ ಕೀವು ತುಂಬಿ ಕೆನ್ನೆ ಊದಿಸಿಕೊಂಡು ಬಂದ ಮಗುವಿನ ಬಳಿ ನಾನು ಸೋಲುವುದಿದೆ. ಸೋಂಕಿನ ಜಾಗವೇ ಹುಳಿಯಾಗಿರುವುದರಿಂದ ಅಲ್ಲಿ ಔಷಧಿ ಸರಿಯಾಗಿ ಹತ್ತುವುದಿಲ್ಲ. ಇನ್ನಷ್ಟು ಸುರಿಯೋಣವೆಂದರೆ ಅದಕ್ಕೂ ಮಿತಿಯಿದೆ. ಮಕ್ಕಳಿಗೆ ಲಿಗ್ನೋಕೇನ್ ಕಿಲೋ ತೂಕಕ್ಕೆ 4.4 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತೇವೆ. 15 ಕಿಲೋ ಮಗುವಿಗೆ 66 ಮಿಲಿಗ್ರಾಂ, ಅಂದರೆ 2% ಔಷಧಿಯಲ್ಲಿ 3.3 ಎಮ್ಮೆಲ್. ಹಲ್ಲು ನೋಡುವ ಮೊದಲು ತೂಕದ ಯಂತ್ರ ಹತ್ತಿಸುವುದು ಇದಕ್ಕೇ.

ಮನೆಗೆ ಹೋದ ಮೇಲಿನ ಎರಡು ಮೂರು ಗಂಟೆ ನಿಮ್ಮ ಪಾಳಿ. ಕೆಳತುಟಿ ಜೋಮು ಹಿಡಿದಿರುತ್ತದೆ. ಮಗುವಿಗೆ ಅದು ಚೂಯಿಂಗ್ ಗಮ್ ಇದ್ದ ಹಾಗೆ, ನೋವು ಗೊತ್ತಾಗದೆ ಜಗಿದುಬಿಡುತ್ತದೆ. ಜೋಮು ಇಳಿಯುವವರೆಗೆ ಜಗಿಯುವಂಥ ತಿಂಡಿ ಕೊಡಬೇಡಿ, ಬಿಸಿ ಹಾಲೂ ಬೇಡ. ಹಾಗೂ ಕಚ್ಚಿಕೊಂಡರೆ ಮರುದಿನ ತುಟಿ ಊದಿ, ಮೇಲೊಂದು ಬಿಳಿ ಪೊರೆ ಕಾಣುತ್ತದೆ. ಕೀವು ಆಗಿದೆ ಅಂತ ಹೆದರಿ ಆಂಟಿಬಯೋಟಿಕ್ ತಂದು ಕುಡಿಸುವವರಿದ್ದಾರೆ. ಅದು ಗಾಯ ಮಾಯುವಾಗಿನ ಪೊರೆ, ಕಿತ್ತು ತೆಗೆಯಬೇಡಿ. ತಣ್ಣನೆಯ ಬಟ್ಟೆ ಒತ್ತಿ. ಒಂದೆರಡು ವಾರದಲ್ಲಿ ಮಾಯುತ್ತದೆ. ಜ್ವರ ಬಂದರೆ, ಊತ ಏರುತ್ತಲೇ ಹೋದರೆ ಫೋನ್ ಮಾಡಿ; ಬರೀ ಫೋಟೋ ಕಳಿಸಿ ಕಾಯುತ್ತ ಕೂರಬೇಡಿ.